ಸಿದ್ದವ್ವನ ಮಿಷನ್ನು

“ಒರಸಿ ಇಡ್ತೀನಂದ್ರ ಇಡು. ಅದರ ಹೊಟ್ಟ್ಯಾಗ ಇರೋ ದಾರದಲೆ ಮಾತ್ರ ಏನೂ ಹೊಲೀಬ್ಯಾಡ,” ಎಂದಳು ನೀಲವ್ವ.

ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ನೋಡಿ ವಚನಾ ನಕ್ಕುಬಿಟ್ಟಳು. ಅವಳೆದುರಿನ ಮೇಜಿನ ಮೇಲೆ, ಈಗಷ್ಟೇ ಕಂಬಳಿಯಿಂದ ಬಿಚ್ಚಿದ ಹಳೆಯ ಹೊಲಿಗೆ ಮಿಷನ್ನು ಕೂತಿತ್ತು. ಕೈಯಿಂದ ತಿರುಗಿಸುವಂಥದ್ದು, ನೂರು ವರ್ಷದಷ್ಟು ಹಳೆಯದು. ತುಕ್ಕು ಮತ್ತು ಜಿಡ್ಡು ಸೇರಿ ಅದರ ಮೈ ಸುಟ್ಟ ಚರ್ಮದಂತೆ ಕಾಣುತ್ತಿತ್ತು.

“ಹೊಲಿದ್ರ ಏನಾಗತೈತ್ರೀ ಅತ್ತಿ?”

“ಮಾಟದ ದಾರ ಅದು.”

“ನಾ ನರ್ಸ್ ಅದೀನ್ರಿ. ಮಾಟ ಹಿಡದೈತಿ ಅಂತ ಬಂದವರಿಗೆಲ್ಲ ಸಲೈನ್ ಹಚ್ಚಿ ಮನಿಗೆ ಕಳಿಸೀನಿ.”

ನೀಲವ್ವ ನಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ವಚನಾ ಬಾಗಲಕೋಟೆಯಿಂದ ನ್ಯೂಜಿಲೆಂಡಿನ ತಕಾನಿನಿಗೆ ಬಂದು ನಾಲ್ಕು ತಿಂಗಳಾಗಿತ್ತು. ಗಂಡ ನಂದೀಶ, ಅವನ ಅಣ್ಣ ಶರಣಬಸಪ್ಪ, ಅಣ್ಣನ ಹೆಂಡತಿ ಪ್ರತೀಕ್ಷಾ, ಅತ್ತೆ ನೀಲವ್ವ, ಎಲ್ಲರೂ ಒಂದೇ ಮನೆಯಲ್ಲಿ. ಮಿಷನ್ನು ಏಳು ವರ್ಷದ ಹಿಂದೆ ನೀಲವ್ವನ ಜೊತೆಗೇ ವಿಮಾನದಲ್ಲಿ ಬಂದಿತ್ತು. ಮರದ ಪೆಟ್ಟಿಗೆಯಲ್ಲಿ ಹುಳ ಇದೆಯೇ ಎಂದು ಆಕ್ಲೆಂಡಿನ ನಿಲ್ದಾಣದಲ್ಲಿ ಅಧಿಕಾರಿಗಳು ಗಂಟೆಗಟ್ಟಲೆ ತಡೆದಿದ್ದರಂತೆ. ಈ ಕಬ್ಬಿಣ ಯಾಕೆ ಹೊತ್ತು ತಂದೆ ಎಂದು ಮಗ ರೇಗಿದಾಗ ಮುದುಕಿ, “ಅದನ್ನ ಬಿಟ್ಟು ಬರಾಕ ಬರಂಗಿಲ್ಲ” ಎಂದಷ್ಟೇ ಹೇಳಿದ್ದಳು.

ಪ್ರತೀಕ್ಷಾ ಕೂಡ ನರ್ಸು. ಎಂಟು ತಿಂಗಳ ಬಸುರಿಯಾದರೂ ಕಡುನೀಲಿ ಸಮವಸ್ತ್ರ ತೊಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ವಚನಾಳ ನೋಂದಣಿಯ ಕಾಗದಗಳು ಇನ್ನೂ ಯಾವುದೋ ಕಚೇರಿಯಲ್ಲಿ ಕೂತಿದ್ದವು. ಅವಳು ಓರಗಿತ್ತಿಯ ಊಟದ ಡಬ್ಬಿ ಕಟ್ಟುತ್ತಿದ್ದಳು. ಅದನ್ನು ಸಹಿಸಬಹುದಿತ್ತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಸ್ಕ್ಯಾನಿಂಗ್ ಚಿತ್ರವನ್ನು ಸಹಿಸಲಾಗುತ್ತಿರಲಿಲ್ಲ. ಹಾಲು ಬೇಕೆಂದರೆ ಅದರ ಮುಖ ನೋಡಬೇಕು. ಹೋದ ವರ್ಷ ವಚನಾಳ ಬಸಿರು ನಾಲ್ಕು ತಿಂಗಳಿಗೇ ಇಳಿದುಹೋಗಿತ್ತು. ಈ ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಪ್ರತೀಕ್ಷಾಳಂತೂ ಅವಳೆದುರು ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಲೂ ಇರಲಿಲ್ಲ. ಆ ಮರುಕವೇ ವಚನಾಳಿಗೆ ಮುಳ್ಳಾಗಿತ್ತು. ಗೆದ್ದವರಿಗೆ ಮಾತ್ರ ಮರುಕ ತೋರಲು ಬರುತ್ತದೆ ಎಂದುಕೊಳ್ಳುತ್ತಿದ್ದಳು.

ಮುಂದಿನ ಭಾನುವಾರ ಪ್ರತೀಕ್ಷಾಳ ಕುಬಸ, ಸೀಮಂತದ ಶಾಸ್ತ್ರ. ಕೂಸಿನ ತಲೆಗೊಂದು ಕುಲಾವಿ ಹೊಲಿದುಕೊಡುತ್ತೇನೆ ಎಂದು ವಚನಾ ಎಲ್ಲರೆದುರು ಹೇಳಿಬಿಟ್ಟಿದ್ದಳು. ಬಟ್ಟೆಯೂ ಇತ್ತು. ತನ್ನ ಕೂಸಿಗೆಂದು ತೆಗೆದಿಟ್ಟಿದ್ದ ಗುಳೇದಗುಡ್ಡದ ಖಣ, ಪೆಟ್ಟಿಗೆಯ ತಳದಲ್ಲಿ ಮಡಿಸಿದ್ದು ಮಡಿಸಿದಂತೆಯೇ.

ಮೂರು ದಿನ ಅವಳು ಮಿಷನ್ನಿನ ಜೊತೆ ಕಳೆದಳು. ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಮೈಯೆಲ್ಲ ಒರೆಸಿದಳು. ಜಿಡ್ಡು ಹಳೆಯ ಬೆಲ್ಲದ ಪಾಕದಂತೆ ಪದರು ಪದರಾಗಿ ಬಿಟ್ಟಿತು. ಅದರಡಿಯಿಂದ ಕರಿ ಬಣ್ಣ, ಕರಿಯ ಮೇಲೆ ಚಿನ್ನದ ಬಳ್ಳಿಗಳು ಒಂದೊಂದಾಗಿ ಎದ್ದು ಬಂದವು. ಹಲ್ಲುಜ್ಜುವ ಬ್ರಶ್ಶಿನಿಂದ ಚಕ್ರದ ಹಲ್ಲುಗಳ ಸಂದಿಯ ಧೂಳು ತೆಗೆದಳು. ಪ್ರತಿ ತೂತಿಗೂ ಎಣ್ಣೆ ಬಿಟ್ಟಳು. ತಟ್ಟೆ ಸರಿಸಿದಾಗ ಒಳಗೆ ದೋಣಿಯಾಕಾರದ ಶಟಲ್, ಅದರೊಳಗೆ ಕೆಳದಾರ ಸುತ್ತಿದ ಪುಟ್ಟ ಉರುಳೆ, ಬಾಬಿನ್. ದಾರ ಕಡುಗಪ್ಪು. ಅಷ್ಟು ವರ್ಷ ಕಳೆದರೂ ನಿನ್ನೆ ಸುತ್ತಿದಂತೆ ಮಿರುಗುತ್ತಿತ್ತು. ಎಳೆದು ನೋಡಿದಳು, ಹರಿಯಲಿಲ್ಲ.

ಚಕ್ರ ಮಾತ್ರ ಒಂದಿಂಚೂ ಅಲುಗಲಿಲ್ಲ. ಕೂದಲು ಒಣಗಿಸುವ ಯಂತ್ರ ತಂದು ಬಿಸಿಗಾಳಿ ಹಿಡಿದಳು. ಹೆಪ್ಪುಗಟ್ಟಿದ ಎಣ್ಣೆ ಕರಗಿ ಮೇಜಿನ ಮೇಲೆ ಸೋರಿತು. ಸುಟ್ಟ ಕೂದಲಿನ ವಾಸನೆ ಬಂತು. ತನ್ನ ಜಡೆಯೇ ಸುಟ್ಟಿತೇನೋ ಎಂದು ಮುಟ್ಟಿ ನೋಡಿಕೊಂಡಳು. ಸುಟ್ಟಿರಲಿಲ್ಲ.

ಶನಿವಾರ ಮಧ್ಯಾಹ್ನ ಮಹಡಿಯಿಂದ ನಗು ಕೇಳಿತು.

“ಇಲ್ನೋಡ್ರೀ, ಹೆಂಗ ಒದಿಯಾಕತ್ತೈತಿ,” ಎನ್ನುತ್ತಿದ್ದಳು ಪ್ರತೀಕ್ಷಾ. ಶರಣಬಸಪ್ಪ ಏನೋ ಅಂದ. ಇಬ್ಬರೂ ಮತ್ತೆ ನಕ್ಕರು.

ವಚನಾಳ ಎದೆಯ ಕೆಳಗೆ ಏನೋ ಹೊತ್ತಿಕೊಂಡಿತು. ಹಿಡಿಕೆಯ ಮೇಲಿದ್ದ ಕೈ ಬಿಗಿಯಾಯಿತು.

ಚಕ್ರ ತಿರುಗಿತು.

ಅದು ಬೆಣ್ಣೆಯಲ್ಲಿ ಚಾಕು ಇಳಿದಂತೆ ಹಗುರವಾಗಿ ತಿರುಗಿತು. ಕಟ್, ಕಟ್, ಕಟ್. ಅವಳು ಮೇಲೆ ಕೆಂಪು ದಾರ ಪೋಣಿಸಿದಳು. ಕೆಳಗೆ ಕಪ್ಪು ದಾರ ಇದ್ದೇ ಇತ್ತು. ಬೇರೆ ಬಾಬಿನ್ ಸುತ್ತಬಹುದಿತ್ತು. ಅತ್ತೆಯ ಮಾತು ನೆನಪಾದದ್ದಕ್ಕೇ ಸುತ್ತಲಿಲ್ಲ. ಖಣವನ್ನು ಸೂಜಿಯ ಕೆಳಗೆ ಸರಿಸಿದಳು.

ಹೊಲಿಯುತ್ತ ಹೋದಂತೆ ಎಷ್ಟೋ ತಿಂಗಳಿಂದ ಇಲ್ಲದ ನೆಮ್ಮದಿ ಅವಳನ್ನು ಆವರಿಸಿತು. ಹೊರಗೆ ಯಾರೋ ಹುಲ್ಲು ಕತ್ತರಿಸುತ್ತಿದ್ದ ಯಂತ್ರದ ಸದ್ದು ದೂರವಾಯಿತು. ಬಾಗಿಲಡಿಯಿಂದ ಬರುತ್ತಿದ್ದ ಬೆಳಕಿನ ಗೆರೆ ಸಣ್ಣಗಾಯಿತು. ಬಾಯಲ್ಲಿ ಏನೋ ಸಿಹಿ. ಕಟ್, ಕಟ್, ಕಟ್. ಸೂಜಿ ಇಳಿದಾಗಲೆಲ್ಲ ಎದೆಯ ಉರಿ ಒಂದು ಹನಿ ತಣ್ಣಗಾಗುತ್ತಿತ್ತು. ಇಷ್ಟು ಸುಲಭವೇ ಎಂದುಕೊಂಡಳು.

“ರೀ.” ಮಹಡಿಯಿಂದ ಪ್ರತೀಕ್ಷಾಳ ದನಿ. ಅದರಲ್ಲಿ ನಗುವಿರಲಿಲ್ಲ. “ಕೂಸು ಅಳ್ಳಾಡವಲ್ದು. ಭಾಳ ಹೊತ್ತಾತು.”

ವಚನಾ ಬೆಚ್ಚಿ ಕೈ ತೆಗೆದಳು. ಗಡಿಯಾರ ನಾಲ್ಕು ತೋರಿಸುತ್ತಿತ್ತು. ಮೂರು ತಾಸು ಎಲ್ಲಿ ಹೋದವು? ಕುಲಾವಿಯನ್ನು ಎತ್ತಿ ಹಿಡಿದಳು. ಪುಟ್ಟ ತಲೆ, ಕಿವಿಯ ಮೇಲಿನ ಅಂಚು, ಕುತ್ತಿಗೆಯ ನೆರಿಗೆ, ಎಲ್ಲ ಅಚ್ಚುಕಟ್ಟು. ಮುಖಕ್ಕೆ ಬಿಡಬೇಕಾದ ಜಾಗವೇ ಇರಲಿಲ್ಲ. ಮೂಗು ಬಾಯಿ ಬರುವ ಕಡೆ, ಕೆಂಪು ದಾರ ಎಲ್ಲೂ ಕಾಣದಂತೆ, ಸಾಲು ಸಾಲಾಗಿ ಕಪ್ಪು ಹೊಲಿಗೆ. ಒಂದರ ಮೇಲೊಂದು. ಬಿಗಿಯಾಗಿ. ತಾನು ಅದನ್ನು ಹೊಲಿದ ನೆನಪೇ ಅವಳಿಗಿರಲಿಲ್ಲ.

ಮೆಟ್ಟಿಲ ಮೇಲೆ ಅವಸರದ ಹೆಜ್ಜೆಗಳು. ನಂದೀಶ ಕಾರು ಹೊರಡಿಸಿದ ಸದ್ದು. ಆಮೇಲೆ ಗ್ಯಾರೇಜಿನ ಒಳಬಾಗಿಲು ತೆರೆಯಿತು. ನೀಲವ್ವ ಕುಲಾವಿ ನೋಡಿದಳು. ಗೋಡೆ ಬದಿಗೆ ನೆಲದ ಮೇಲೆ ಕೂತಳು.

“ಮಾಟ ಮಾಡಿಸಿದಾಕಿ ನಾನವಾ.”

ವಚನಾ ಮಿಷನ್ನಿನಿಂದ ಕುರ್ಚಿ ಹಿಂದೆ ಸರಿಸಿದಳು.

“ಇದು ಸಿದ್ದವ್ವನ ಮಿಷನ್ನು. ನನ್ನ ಸವತಿ. ನೀ ಪ್ರತೀಕ್ಷಾಗ ಅಂದಂಗ ನಾನೂ ಆಕಿಗೆ ಅಕ್ಕಾ ಅಂತಿದ್ದೆ. ಆಕಿ ಬಸರಾದ್ಲು. ನನಗ ಇನ್ನೂ ಆಗಿದ್ದಿಲ್ಲ. ಮಾಟಗಾರ ಆಕಿ ಕೂದಲಾ ದಾರದಾಗ ಹೊಸೆದು ಕೊಟ್ಟ, ನಾ ಕುಲಾವಿ ಹೊಲದೆ. ಕೂಸು ಹೊಟ್ಟ್ಯಾಗನ ಹೋತು. ಮೂರನೇ ದಿನಕ್ಕ ಆಕೀನೂ ಹೋದ್ಲು.” ಮುದುಕಿ ಉಸಿರೆಳೆದುಕೊಂಡಳು. “ಹೊಟ್ಟಿ ಉರಿಯೋರ ಕೈಗೆ ಅದು ತಿರಗತೈತಿ. ಎಲ್ಲಿ ಬಿಟ್ರೂ ಯಾರರೆ ಒಬ್ಬಾಕಿ ಸಿಗತಾಳಂತ, ನನ್ನ ಜೋಡೀನ ಇಟ್ಕೊಂಡೆ. ನೀ ಹಿಂಗ ಉರಿಯಾಕತ್ತೀದಿ ಅಂತ ಗೊತ್ತಿದ್ದಿಲ್ಲ.”

“ಬಿಚ್ಚಾಕ ಬರತೈತೇನ್ರಿ?”

“ಹೊಲದಾಕೀನ ಬಿಚ್ಚಬೇಕು. ಕತ್ತರಿ ಹಚ್ಚಂಗಿಲ್ಲ, ಬರೇ ಉಗುರಿಲೆ. ಬಿಚ್ಚಿದಂಗ ಬಿಚ್ಚಿದಂಗ ಬೆರಳು ಸಾಯತಾವ.”

“ನೀವ್ಯಾಕ ಬಿಚ್ಚಲಿಲ್ಲ?”

ನೀಲವ್ವ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು.

“ನನಗ ನನ್ನ ಕೈ ದೊಡ್ಡವಾದುವು.”

ವಚನಾ ಮೊದಲ ಹೊಲಿಗೆಗೆ ಉಗುರು ಹಾಕಿದಳು. ದಾರ ಜೀವಂತ ನರದಂತೆ ಜಗ್ಗಿತು. ಬಿಚ್ಚಿತು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಅಡರಿತು. ಎಡಗೈಯ ಕಿರುಬೆರಳು ತಣ್ಣಗಾಯಿತು. ಆಮೇಲೆ ತಣ್ಣಗಿರುವುದೂ ತಿಳಿಯಲಿಲ್ಲ.

ಇನ್ನೊಂದು. ಮತ್ತೊಂದು. ಉಗುರು ಸೀಳಿ ರಕ್ತ ಖಣದ ಮೇಲೆ ಇಳಿಯಿತು. ನೋವಿಲ್ಲ. ಅದೇ ಹೆದರಿಕೆ. ಎಡಗೈ ಪೂರ್ತಿ ಹೋಯಿತು. ತನ್ನ ಕೈಯೇ ಯಾರದೋ ಕೈಯಂತೆ ಮೇಜಿನ ಮೇಲೆ ಬಿದ್ದಿತ್ತು.

ಕಟ್.

ಚಕ್ರ ತಾನೇ ತಿರುಗಿತು. ಬಟ್ಟೆಯಿಲ್ಲದ ಸೂಜಿ ಮೇಲೆ ಕೆಳಗೆ ಆಡತೊಡಗಿತು. ಸಾಕು ಬಿಡು, ಎಂದಿತು ಒಂದು ದನಿ. ಆಕೆಗೆ ಇನ್ನೊಂದು ಆಗುತ್ತದೆ. ನಿನಗೆ ಕೈ ಬೇಡವೆ? ಆಕೆಗೆ ಎಲ್ಲವೂ ಇದೆ. ನಿನ್ನದು ಹೋದಾಗ ಯಾರು ಬಂದರು? ದನಿ ಬೇರೆಲ್ಲಿಂದಲೂ ಬರಲಿಲ್ಲ. ಅದು ವಚನಾಳದೇ ದನಿ. ಬಾಯಲ್ಲಿ ಮತ್ತೆ ಆ ಸಿಹಿ.

ಅವಳು ಕುಲಾವಿಯನ್ನು ಕೆಳಗಿಟ್ಟಳು.

ನೀಲವ್ವ ಬೇಡಲಿಲ್ಲ, ಬೈಯಲಿಲ್ಲ. ಬೇಡುವ ಬಾಯಿ ಅವಳಿಗಿರಲಿಲ್ಲ. ಮೇಜಿನ ಮೇಲಿದ್ದ ಫೋನು ನಡುಗಿತು. ಪ್ರತೀಕ್ಷಾಳ ಸಂದೇಶ: “ವಚನಾ, ಬಡಿತ ಸಿಗವಲ್ದಂತ. ನನ್ನ ಸಂಕಟ ನಿನಗಷ್ಟ ಗೊತ್ತಾಗತೈತಿ.”

ವಚನಾ ಕುಲಾವಿಯನ್ನು ಎತ್ತಿಕೊಂಡಳು. ಸತ್ತ ಎಡಗೈ ಸಾಲದಾಯಿತು. ಹಲ್ಲಿನಲ್ಲಿ ಬಟ್ಟೆ ಕಚ್ಚಿ ಹಿಡಿದಳು. ಬಿಚ್ಚಿದಳು. ಬಲಗೈಯ ತೋರುಬೆರಳು ಸತ್ತಿತು. ಬಿಚ್ಚಿದಳು. ನಡುಬೆರಳು. ಕಣ್ಣಿಂದ ನೋಡಿ ನೋಡಿ ಬೆರಳನ್ನು ನಡೆಸಿದಳು. ಚಕ್ರ ಹುಚ್ಚು ಹಿಡಿದಂತೆ ಸುತ್ತುತ್ತಿತ್ತು. ಮೇಜು ಅದುರಿತು. ಸೂಜಿ ಮುರಿದು ಹಾರಿ ಅಂಗೈಗೆ ನಾಟಿತು. ಅವಳಿಗೆ ತಿಳಿಯಲೇ ಇಲ್ಲ. ಉಳಿದದ್ದು ಒಂದು ಹೆಬ್ಬೆರಳು. ಉಳಿದದ್ದು ಒಂದು ಹೊಲಿಗೆ. ಎಳೆದಳು.

ಚಕ್ರ ನಿಂತಿತು.

ಕುಲಾವಿಯ ಬಾಯಿ ತೆರೆದುಕೊಂಡಿತು. ಮೇಜಿನ ಮೇಲೆ ಕಪ್ಪು ದಾರವಿರಲಿಲ್ಲ. ಒಂದು ಹಿಡಿ ನರೆತ ಕೂದಲು ಬಿದ್ದಿತ್ತು. ಶಟಲ್ಲಿನಲ್ಲಿ ಬಾಬಿನ್ ಬರಿದಾಗಿತ್ತು.

ಸಂಜೆ ಆರಕ್ಕೆ ನಂದೀಶ ಆಸ್ಪತ್ರೆಯಿಂದ ಫೋನು ಮಾಡಿದ. ಬಡಿತ ಮತ್ತೆ ಸಿಕ್ಕಿತಂತೆ. ಕೂಡಲೇ ಶಸ್ತ್ರಚಿಕಿತ್ಸೆ ಮಾಡಿದರಂತೆ. ಹೆಣ್ಣು ಕೂಸು, ಸಣ್ಣದು, ಉಸಿರಾಡುತ್ತಿದೆ. ನೀಲವ್ವ ಕೂದಲನ್ನು ಕರ್ಪೂರದ ಜೊತೆ ಸ್ಟೀಲು ಬೋಗುಣಿಯಲ್ಲಿಟ್ಟು ಸುಟ್ಟಳು. ಮರುದಿನ ನೀಲವ್ವ ಹೇಳಿದಳೆಂದು ಶರಣಬಸಪ್ಪ ಮಿಷನ್ನನ್ನು ಗುಜರಿಗೆ ಹಾಕಿ ಬಂದ. ಯಾಕೆಂದು ಕೇಳಲಿಲ್ಲ, ಯಾರೂ ಹೇಳಲಿಲ್ಲ.

ವಚನಾಳ ಕೈಗಳನ್ನು ಇಬ್ಬರು ವೈದ್ಯರು ಪರೀಕ್ಷಿಸಿದರು. ನರಗಳೆಲ್ಲ ಸರಿಯಾಗಿವೆ ಎಂದರು. ಬೆರಳು ಮಡಿಯುತ್ತಿದ್ದವು, ಹಿಡಿಯುತ್ತಿದ್ದವು. ಬಿಸಿ, ತಂಪು, ಒರಟು, ನುಣುಪು ಯಾವುದೂ ಅವಕ್ಕೆ ಗೊತ್ತಾಗುತ್ತಿರಲಿಲ್ಲ. ನಾಡಿ ಹಿಡಿಯಲು ಬಾರದ ನರ್ಸನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಮೂರು ವಾರದ ಮೇಲೆ ಕೂಸು ಮನೆಗೆ ಬಂತು. ಪ್ರತೀಕ್ಷಾ ನೇರ ಬಂದು ಅದನ್ನು ವಚನಾಳ ಕೈಗಿಟ್ಟಳು.

“ಹಿಡಕೋ. ಎಷ್ಟ್ ಬೆಚ್ಚಗದಾಳ ನೋಡು.”

ವಚನಾ ನೋಡಿದಳು. ನೋಡಿದ್ದರಿಂದ ಮಾತ್ರ ಕೂಸು ತನ್ನ ಕೈಯಲ್ಲಿದೆ ಎಂದು ತಿಳಿಯಿತು. ಪುಟ್ಟ ಮುಷ್ಟಿಯೊಂದು ಅವಳ ಬೆರಳನ್ನು ಬಿಗಿಯಾಗಿ ಹಿಡಿದಿತ್ತು. ಪ್ರತೀಕ್ಷಾ ಬಾಗಿ ಕೂಸಿನ ಕೆನ್ನೆಗೆ ಕೆನ್ನೆ ತಾಗಿಸಿ ಕಣ್ಣು ಮುಚ್ಚಿದಳು. ಆ ಸುಖವನ್ನು ನೋಡುತ್ತಿದ್ದಂತೆ ವಚನಾಳ ಎದೆಯ ಕೆಳಗೆ ಸಣ್ಣಗೆ, ತೀರ ಸಣ್ಣಗೆ, ಏನೋ ಹೊತ್ತಿಕೊಂಡಿತು. ಅದು ಮಾತ್ರ ಸತ್ತಿರಲಿಲ್ಲ.

ಅವಳು ಕೂಸನ್ನು ಮುಂದೆ ಚಾಚಿದಳು.

“ತಗೊಳ್ರಿ ಅಕ್ಕಾ,” ಎಂದಳು. “ನನ್ನ ಕೈಯಾಗ ಕೊಡಬ್ಯಾಡ್ರಿ.”