ನರ್ಸಮ್ಮನ ಸೈಕಲ್ಲು ಏರು ಹತ್ತಿದ್ದು

ಹಾಗಲವಾಡಿಯಿಂದಾಚೆ ರಸ್ತೆ ಗುಡ್ಡ ಹತ್ತಲು ಶುರುವಾಗುವ ಕಡೆ ಹೊನ್ನಯ್ಯನ ಸೈಕಲ್ ಷಾಪಿತ್ತು. ಎಪ್ಪತ್ತೆಂಟನೇ ಇಸವಿಯ ಮಾತು. ಗುಡ್ಡದ ಮೇಲಿನ ಹಟ್ಟಿಗಳಲ್ಲಿ ಹೆರಿಗೆ ಮಾಡಿಸಲು ಹೋಗುತ್ತಿದ್ದ ನರ್ಸು ಸರ್ವಮಂಗಳ ದಿನಾ ಬೆಳಿಗ್ಗೆ ಅಲ್ಲಿಗೆ ಬಂದು ಇಳಿಯುತ್ತಿದ್ದಳು. ಅವಳದು ಯಾವ ದೊರೆಸಾನಿಯಿಂದಲೋ ಕೈ ಬದಲಾಗಿ ಬಂದ ಹಳೇ ಸೈಕಲ್ಲು. ಬಯಲಲ್ಲಿ ಕುದುರೆಯ ಹಾಗೆ ಓಡುತ್ತಿತ್ತು. ಏರಿನಲ್ಲಿ ಹೆಣಭಾರ.

"ಕೊಡಿ ಇತ್ಲಾಗೆ," ಎಂದು ಹೊನ್ನಯ್ಯ ಹ್ಯಾಂಡಲ್ ಹಿಡಿಯುತ್ತಿದ್ದ. ಅವನು ತಳ್ಳುತ್ತಿದ್ದ, ಅವಳು ಪಕ್ಕದಲ್ಲಿ ನಡೆಯುತ್ತಿದ್ದಳು.

ಪಕ್ಕದ ಟೀ ಅಂಗಡಿಯ ಹಬೀಬ್ ಸಾಬ್ ಸುಮ್ಮನಿರುತ್ತಿರಲಿಲ್ಲ. "ಏನ್ಲಾ ಹೊನ್ನಾ, ಸೈಕಲ್ ತಳ್ತಿದೀಯೋ, ಮೆರವಣಿಗೆ ಹೊಂಟಿದೀಯೋ?"

ಸರ್ವಮಂಗಳ ಕೆಳತುಟಿ ಕಚ್ಚಿ ರಸ್ತೆ ನೋಡುತ್ತಿದ್ದಳು. ಕಣ್ಣಂಚು ಮಾತ್ರ ತಪ್ಪಿಸಿಕೊಂಡು ಹೊನ್ನಯ್ಯನ ಕಡೆ ಬರುತ್ತಿತ್ತು.

"ಅಂಗಡಿ ಹಂಗೇ ಬಿಟ್ ಬರ್ತೀರಲ್ಲ, ಯಾರಾದ್ರೂ ಪಂಪ್ ಎತ್ಕೊಂಡು ಹೋದ್ರೆ?"

"ಹೋಗ್ಲಿ ಬುಡಿ. ಗಾಳಿ ಇಲ್ದಿದ್ರೆ ಜನ ನಡೀತಾರೆ. ನಾವ್ ನಡೀತಿಲ್ವಾ?"

ಹೊನ್ನಯ್ಯನಿಗೆ ಹೇಳಬೇಕಾದ ಮಾತು ಬೇರೆಯೇ ಇತ್ತು. ಅರ್ಧ ಏರಿನಲ್ಲಿ, ಮೇಲೆ ಹೋದ ಮೇಲೆ ಹೇಳೋಣ ಅನ್ನಿಸುತ್ತಿತ್ತು. ಮೇಲೆ ಹೋದ ಮೇಲೆ, ನಾಳೆ ಹೇಳೋಣ.

ಒಂದು ಮಧ್ಯಾಹ್ನ ಅವಳು ಅಳುತ್ತಾ ಇಳಿದು ಬಂದಳು. ಅಂಗಡಿ ಮುಂದಿನ ಕಲ್ಲಿನ ಮೇಲೆ ಕುಸಿದು ಕುಳಿತಳು.

"ನಾನು ಹೋಗೋಷ್ಟ್ರಲ್ಲಿ ಮಗು ಹೋಗ್ಬಿಟ್ಟಿತ್ತು ಕಣ್ರೀ. ಒಂಚೂರು ಬೇಗ ಹೋಗಿದ್ದಿದ್ರೆ..."

ಹೊನ್ನಯ್ಯ ನೀರು ಕೊಟ್ಟ.

ಮಾರನೇ ದಿನವೇ ತುಮಕೂರಿಗೆ ಹೋಗಿ ದೊಡ್ಡ ಫ್ರೀವೀಲ್ ತಂದ. ಹಿಂದಿನ ಹಲ್ಲುಚಕ್ರ ದೊಡ್ಡದಾದರೆ ಪೆಡಲನ್ನು ಹೆಚ್ಚು ಸುತ್ತು ತುಳಿಯಬೇಕು, ಆದರೆ ಏರಿನಲ್ಲಿ ಕಾಲಿಗೆ ಭಾರ ಗೊತ್ತಾಗುವುದಿಲ್ಲ. ಹಳೇ ಚೈನು ಸಾಲದೆ ಕೊಂಡಿ ಸೇರಿಸಿದ. ತಾನೇ ಒಮ್ಮೆ ಗುಡ್ಡ ಹತ್ತಿ ನೋಡಿ ಸೈಕಲ್ಲನ್ನು ಅವಳ ಕೈಗೆ ಕೊಟ್ಟ.

"ಇನ್ಮೇಲೆ ಇಳಿಯಂಗಿಲ್ಲ. ಕುಂತೇ ಹತ್ತಿ. ಬಯಲಲ್ಲಿ ಸ್ವಲ್ಪ ನಿಧಾನ, ಅಷ್ಟೆ."

"ಇಳಿಯೋದೇ ಬೇಡ್ವಾ?"

"ಬ್ಯಾಡ."

ಅವಳ ಕಣ್ಣು ತುಂಬಿದ್ದನ್ನು ಅವನು ಸಂತೋಷಕ್ಕೆಂದುಕೊಂಡ. ಅವಳು ಹತ್ತಿ ಹೋದಳು. ತಿರುವಿನಲ್ಲಿ ಸೆರಗು ಕಾಣಿಸಿತು, ಮರೆಯಾಯಿತು.

ಆಮೇಲೆ ದಿನಾ ಅಷ್ಟೆ. ಬೆಲ್ಲಿನ ಸದ್ದು ಬರುತ್ತಿತ್ತು, ಅವನು ತಲೆ ಎತ್ತುವಷ್ಟರಲ್ಲಿ ಬೆನ್ನು ಕಾಣುತ್ತಿತ್ತು. ಸಂಜೆ ಇಳಿಜಾರಿನಲ್ಲಂತೂ ಅವಳು ನಿಲ್ಲುತ್ತಲೇ ಇರಲಿಲ್ಲ. ಈಗ ಅವಳಿಗೆ ನನ್ನ ಅಗತ್ಯವಿಲ್ಲ ಎಂದು ಹೊನ್ನಯ್ಯ ತಲೆ ತಗ್ಗಿಸಿ ಪಂಕ್ಚರ್ ಹಾಕುತ್ತಿದ್ದ.

ಮುಂದಿನ ವರ್ಷ ಅವಳಿಗೆ ಕುಣಿಗಲ್ ಕಡೆಗೆ ವರ್ಗವಾಯಿತು. ಅಮೃತೂರಿನ ಗಂಡಿನ ಜೊತೆ ಲಗ್ನಪತ್ರಿಕೆಯೂ ಆಗಿತ್ತು. ಸುದ್ದಿ ಕೇಳಿ, ಅವಳು ಹೊರಡುವ ದಿನ ಹೊನ್ನಯ್ಯ ಬಸ್ಸಿನ ಹತ್ತಿರ ಹೋದ. ಅವಳೇ ಮಾತು ತೆಗೆದಳು.

"ತಳ್ಳಿ ತಳ್ಳಿ ಸಾಕಾಗಿತ್ತು, ಅಲ್ವಾ ನಿಮಗೆ?"

"ಯಾರಂದಿದ್ದು?"

"ಇಳಿಯಂಗಿಲ್ಲ ಅಂದ್ರಲ್ಲ. ನನ್ ಜೊತೆ ನಡಿಯೋದು ಬೇಡವಾಯ್ತು ಅನ್ಕೊಂಡೆ."

"ಅವತ್ತು ಅತ್ಕೊಂಡ್ ಬಂದ್ರಲ್ಲ. ಇನ್ನೊಂದ್ ಸಲ ಹಂಗೆ ಅಳಬಾರ್ದು ಅಂತ ಹಾಕ್ದೆ."

ಅವಳು ಬಹಳ ಹೊತ್ತು ಅವನ ಗ್ರೀಸು ಮೆತ್ತಿದ ಬೆರಳುಗಳನ್ನೇ ನೋಡಿದಳು.

"ಆಮೇಲೆ ಎಲ್ಲಿಗೂ ತಡವಾಗಿ ಹೋಗ್ಲಿಲ್ಲ ನಾನು."

"ಅಷ್ಟ್ ಸಾಕು."

"ನನಗೆ ಸಾಕಾಗ್ಲಿಲ್ಲ," ಎಂದಳು. "ಒಂದೇ ಒಂದ್ ಸಲ ಕೂಗಿದ್ದಿದ್ರೆ ಇಳೀತಿದ್ದೆ."

"ಏರು ಹತ್ತೋರ್ನ ಕೂಗಬಾರ್ದು. ನಿಂತ್ರೆ ಮತ್ತೆ ಹೊರಡೋದು ಕಷ್ಟ."

"ಅಯ್ಯೋ ನಿಮ್ಮ!" ಎಂದು ನಕ್ಕಳು. ನಗುತ್ತಲೇ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಕಂಡಕ್ಟರ್ ಸೀಟಿ ಊದಿದ. ಅವಳು ಹತ್ತಿ ಕಿಟಕಿ ಪಕ್ಕ ಕುಳಿತಳು.

"ದಿನಾ ಏರಲ್ಲಿ ಏನೋ ಹೇಳೋಕೆ ಬಾಯಿ ತೆಗೀತಿದ್ರಲ್ಲ. ಈಗ ಹೇಳಿ."

"ಈಗ ಹೇಳಿ ಏನ್ ಬಂತು?"

"ಕೇಳ್ಕೊಂಡು ಹೋಗ್ತೀನಿ."

ಹೊನ್ನಯ್ಯ ಕಿಟಕಿಯ ಸರಳು ಹಿಡಿದು ಹೇಳಿದ. ಮೆಲ್ಲಗೆ, ಪೂರ್ತಿ ಹೇಳಿದ. ಅವಳು ರೆಪ್ಪೆ ಬಡಿಯದೆ ಕೇಳಿದಳು.

"ಇಂಜಿನ್ ಸದ್ದು," ಎಂದಳು ಆಮೇಲೆ. "ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ ಸಲ ಹೇಳಿ."

ಕೇಳಿಸಿದೆ ಎಂದು ಅವನಿಗೆ ಗೊತ್ತಿತ್ತು. ಹೊರಟ ಬಸ್ಸಿನ ಜೊತೆ ನಡೆಯುತ್ತಾ ಮತ್ತೊಮ್ಮೆ ಹೇಳಿದ. ಬಸ್ಸು ಓಡತೊಡಗಿದ ಮೇಲೆ, ಜನ ನೋಡುತ್ತಿದ್ದರೂ, ಕೂಗಿ ಹೇಳಿದ.