ನಕ್ಷೆಯಲ್ಲಿ ಕಾಣದವನು

ದಢೇಸುಗೂರಿನ ಶಿವಕಾಂತ ಒಮ್ಮೆ ಕೆಮ್ಮಿದರೆ ಸಾಕು, ಕಾಲುವೆ ನೀರು ಹೆದರಿ ಹಿಂದಕ್ಕೆ ಹರಿಯುತ್ತದೆ. ಅವನ ಮೀಸೆ ನೋಡಲೆಂದೇ ದಿನಾ ಅರ್ಧ ತಾಲೂಕು ಅವನ ಗದ್ದೆಯ ಬೇವಿನ ಮರದಡಿ ಸೇರುತ್ತದೆ. ಹೀಗೆಂದು ಹೇಳುವವನು ಅವನೇ; ಊರಲ್ಲಿ ಇದನ್ನು ಯಾರೂ ನಂಬುವುದಿಲ್ಲ. ಮಸ್ಕಿಯ ಅಶ್ವಿನಿ ತಂದ ಟ್ಯಾಬ್ ಮಾತ್ರ ನಂಬಿತ್ತು.

ಮೊಬೈಲುಗಳಿರುವ ಜಾಗ ನೋಡಿ ಎಲ್ಲಿ ಎಷ್ಟು ಜನರಿದ್ದಾರೆಂದು ಹೇಳುವ ನಕ್ಷೆ ಅದರಲ್ಲಿತ್ತು. ಅದನ್ನು ನಂಬಿ ಸರಕಾರದವರು ಕುಡಿಯುವ ನೀರಿನ ಟ್ಯಾಂಕ್ ಇಡುವವರಿದ್ದರು. ನಕ್ಷೆ ನಿಜವೇ ಎಂದು ಪರೀಕ್ಷಿಸುವುದು ಅವಳ ಕೆಲಸ. ಬೇವಿನ ಮರದಡಿ ಜನ ಕಿಕ್ಕಿರಿದಿದ್ದಾರೆಂದು ನಕ್ಷೆ ಕೆಂಪಗೆ ಉರಿಯುತ್ತಿತ್ತು. ಬಂದು ನೋಡಿದರೆ ಮರದಡಿ ಶಿವಕಾಂತ ಒಬ್ಬನೇ.

“ಮಂದಿ ಎಲ್ರೀ?”

“ನನ್ನ ನೋಡಿ ಈಗಷ್ಟ ಹೋದ್ರು, ಮೇಡಂ.”

ಗದ್ದೆಯಲ್ಲಿ ಸಸಿ ನಾಟುತ್ತಿದ್ದ ಕಸ್ತೂರೆಮ್ಮ ಕೂಗಿದಳು. “ಅವನ ಮಾತು ಕೇಳಬ್ಯಾಡವಾ. ಕೆಸರಾಗ ಬೀಳ್ತಾವಂತ ಇವರೆಲ್ಲ ಫೋನ್ ಆ ಚೀಲದಾಗ ಹಾಕ್ಯಾರ. ನನಗಂತೂ ಫೋನೇ ಇಲ್ಲ. ಅದರಾಗ ನಾ ಹುಟ್ಟೇ ಇಲ್ಲೇನು?”

ಕೊಂಬೆಯಲ್ಲಿ ಗೊಬ್ಬರದ ಚೀಲ ತೂಗುತ್ತಿತ್ತು. ಗದ್ದೆ ತುಂಬ ಬಗ್ಗಿ ಸಸಿ ನಾಟುವ ಹೆಂಗಸರು. ನಕ್ಷೆಯಲ್ಲಿ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಅಂದಿನಿಂದ ಅಶ್ವಿನಿ ತಲೆ ಎಣಿಸಲು ದಿನಾ ಬಂದಳು. ಶಿವಕಾಂತ ಬದುವಿನ ಮೇಲೆ ಮುಂದೆ ನಡೆದು ದಾರಿ ತೋರಿಸಿದ. ಅವನು ತಿರುಗಿದಾಗೆಲ್ಲ ಅವಳ ಕಣ್ಣು ಟ್ಯಾಬಿನ ಮೇಲಿರುತ್ತಿತ್ತು. ತಿರುಗದಿದ್ದಾಗ ಎಲ್ಲಿರುತ್ತಿತ್ತೋ, ಕಸ್ತೂರೆಮ್ಮನನ್ನೇ ಕೇಳಬೇಕು.

ಒಂದು ದಿನ ಅವಳು ಟ್ಯಾಬ್ ಮುಚ್ಚಿದಳು. “ಕೆಲಸ ಮುಗೀತ್ರಿ. ನಾಳಿಂದ ಲಿಂಗಸುಗೂರು. ಇನ್ನ ಈ ಕಡೆ ಬರಾಂಗಿಲ್ಲ.”

ಅವನ ಬಾಯಿ ಹಳೆ ಚಾಳಿ ಬಿಡಲಿಲ್ಲ. “ಹೋಗ್ರಿ. ನನಗ ಯಾರು ಹೋದ್ರೂ ಅಷ್ಟ.”

“ಹೌದಾ? ನಿನ್ನೆ ಸಂಜೀಕ ಸಿಂಧನೂರು ಬಸ್‌ಸ್ಟ್ಯಾಂಡಿನಾಗ ಬಾಳೆಹಣ್ಣಿನ ಬಂಡಿ ಹಿಂದ ನಿಂತು ನನ್ನ ನೋಡಾಕತ್ತಿದ್ದವ್ರು ಯಾರು?”

“ನಾನಂತೂ ಅಲ್ಲ. ನನ್ನ ಫೋನಿನಾಗ ನೋಡ್ರಿ, ನಿನ್ನೆ ಇಡೀ ದಿನ ಇಲ್ಲೇ ಅದೀನಿ.”

ಅವಳು ಫೋನಿನತ್ತ ಕಣ್ಣೂ ಹಾಯಿಸಲಿಲ್ಲ. ಕೊಂಬೆಯ ಚೀಲ ನೋಡಿದಳು, ಆಮೇಲೆ ಅವನನ್ನು.

“ಫೋನ್ ಇಲ್ಲಿತ್ತು, ಶಿವಕಾಂತ. ನೀ ಎಲ್ಲಿದ್ದಿ?”

ಅವನು ಕೆಮ್ಮಿದ. ಕಾಲುವೆ ನೀರು ಮುಂದಕ್ಕೇ ಹರಿಯಿತು.

“ಬಂಡಿ ಹಿಂದ,” ಎಂದ. “ನಿಮ್ಮ ಮಸ್ಕಿ ಬಸ್ ಹೋಗೋ ತನಕ. ಯಾರಾರ ಕೇಳಿದ್ರ ಹೊಲದಾಗ ಇದ್ನಿ ಅನ್ನಾಕ ಫೋನ್ ಇಲ್ಲೇ ಬಿಟ್ಟು ದಿನಾ ಅಲ್ಲಿಗೆ ಬರ್ತಿದ್ನಿ. ನೀವು ಹೋದ್ರ ಈ ಗದ್ದ್ಯಾಗ ಎಷ್ಟ ಮಂದಿ ಇದ್ರೂ ನನಗ ಬಣಬಣ.” ತುಸು ತಡೆದು ಸೇರಿಸಿದ, “ಮೀಸಿ ನೋಡಾಕ ಬರ್ತಾರಂದದ್ದೂ ಸುಳ್ಳು. ಯಾರೂ ಬರಾಂಗಿಲ್ಲ.”

“ಒಬ್ಬಾಕಿ ಬರ್ತಿದ್ಲಲ್ಲ,” ಎಂದಳು ಅಶ್ವಿನಿ, ಬದುವಿನ ಹುಲ್ಲು ನೋಡುತ್ತ. “ಎಣಿಸೋ ಕೆಲಸ ಹೋದ ವಾರಾನ ಮುಗಿದಿತ್ತು.”