ನಡುವೆ ಒಂದು ನಕಾರ

"ಎದೆ! ಎದೆ ಅಂತಿದ್ದಾರೆ ಅವರು... ನಿಮಗೆ ಕೇಳಿಸ್ತಿಲ್ವಾ?"

ಬಾಗಿಲಲ್ಲಿ ನಿಂತವನ ಕೂಗಿಗೆ ಡಯಾಲಿಸಿಸ್ ವಾರ್ಡಿನ ಎಂಟೂ ರೋಗಿಗಳು ಅತ್ತ ತಿರುಗಿದರು.

ನರ್ಸಿನ ಕೈಯಲ್ಲಿದ್ದ ಕಂಬಳಿ ಅರ್ಧದಲ್ಲೇ ನಿಂತಿತು.

ಮೂರನೇ ಹಾಸಿಗೆಯ ಸ್ಪ್ಯಾನಿಷ್ ಅಜ್ಜಿ ಆಗಿನಿಂದ "ಪೆಚೊ... ಪೆಚೊ..." ಎಂದು ನರಳುತ್ತಿದ್ದಳು. ಮೆಷಿನ್ನಿನೊಳಗೆ ಸುತ್ತಿ ಬರುವ ರಕ್ತ ತಣ್ಣಗಾಗಿ ರೋಗಿಗಳಿಗೆ ಚಳಿ ಹತ್ತುವುದು ಮಾಮೂಲು. ಚಳಿ ಅಂತಿರಬೇಕು ಎಂದುಕೊಂಡು ಅವಳು ಕಂಬಳಿ ಹೊದಿಸಲು ಹೊರಟಿದ್ದಳು.

ಎದೆನೋವು!

ಆಮೇಲೆ ಅವಳ ಕೈ ತಡಮಾಡಲಿಲ್ಲ. ಮೆಷಿನ್ ನಿಧಾನ ಮಾಡಿದಳು, ಡಾಕ್ಟರನ್ನು ಕರೆದಳು, ಇಸಿಜಿ ತಂತಿಗಳನ್ನು ಅಂಟಿಸಿದಳು. ಅವನು ಅಜ್ಜಿಯ ತಲೆಯ ಬಳಿ ನಿಂತು ಡಾಕ್ಟರ ಪ್ರಶ್ನೆಯನ್ನು ಸ್ಪ್ಯಾನಿಷ್‌ಗೆ, ಅಜ್ಜಿಯ ಉತ್ತರವನ್ನು ಕನ್ನಡಕ್ಕೆ ದಾಟಿಸುತ್ತಾ ಹೋದ. ಅರ್ಧ ಗಂಟೆಯಲ್ಲಿ ಗಂಡಾಂತರ ಕಳೆಯಿತು.

ಅಷ್ಟಾದ ಮೇಲೆ ಅವನು ಅವಳ ಕಡೆ ತಿರುಗಿದ.

"ಆರು ತಿಂಗಳಿಂದ ವಾರಕ್ಕೆ ಮೂರು ಸಲ ಆಕೆ ನಂಬಿ ನಿಮ್ಮ ಕೈಗೆ ಕೈ ಕೊಡ್ತಾರೆ. ಎದೆ ಅನ್ನೋ ಒಂದು ಪದ ಕಲಿಯೋಕೆ ಆಗ್ಲಿಲ್ವಾ ಸಿಸ್ಟರ್?"

ಅವಳು ಇಸಿಜಿ ತಂತಿಗಳನ್ನು ಸುತ್ತಿಟ್ಟಳು. ಸ್ಟೋರ್ ರೂಮಿಗೆ ಹೋಗಿ, ಸಲೈನ್ ಡಬ್ಬಗಳಿಗೆ ಮುಖ ಮಾಡಿಕೊಂಡು ಅತ್ತಳು.

ಅವನು ಬೈದಿದ್ದಕ್ಕಲ್ಲ... ಅವನು ಹೇಳಿದ್ದು ನಿಜವಾಗಿದ್ದಕ್ಕೆ!

ವಾರ್ಡಿನವರೆಲ್ಲ ಅವಳನ್ನು 'ಸೂಜಿ ಸಿಸ್ಟರ್' ಎನ್ನುತ್ತಿದ್ದರು. ಎಂಥ ಬತ್ತಿದ ತೋಳಿನಲ್ಲೂ ಒಂದೇ ಚುಚ್ಚಿಗೆ ನರ ಹಿಡಿಯುವ ಕೈ ಅವಳದು. ಅವನಿಗೆ ಇಡೀ ಆಸ್ಪತ್ರೆಯಲ್ಲಿ ಇದ್ದ ಹೆಸರು 'ದುಭಾಷಿ'. ಬಂದರಿನ ಕಡೆ ಕೆಲಸಕ್ಕೆ ಬಂದು ನೆಲೆಸಿದ ಸ್ಪ್ಯಾನಿಷ್ ಕುಟುಂಬಗಳಿಗೂ ಡಾಕ್ಟರುಗಳಿಗೂ ನಡುವೆ ಅವನೊಬ್ಬನೇ ಸೇತುವೆ. ದಿನವಿಡೀ ಐದು ಮಹಡಿ ಹತ್ತಿಳಿಯುತ್ತಿದ್ದ.

ಅಂದು ಡ್ಯೂಟಿ ಮುಗಿಸಿ ಹೊರಟಾಗ ಅವಳ ಲಾಕರಿನ ಸಂದಿಯಲ್ಲಿ ಒಂದು ಹಾಳೆ ಸಿಕ್ಕಿಸಿತ್ತು. ಕನ್ನಡ ಅಕ್ಷರದಲ್ಲೇ ಬರೆದ ಇಪ್ಪತ್ತು ಸ್ಪ್ಯಾನಿಷ್ ಪದಗಳು. ಪೆಚೊ, ಎದೆ. ಮಾನೊ, ಕೈ. ಬೊಕಾ, ಬಾಯಿ...

ಕೊನೆಯಲ್ಲಿ ಎರಡು ಸಾಲು: 'ಕೋಪದಲ್ಲಿ ಮಾತು ಜಾರಿತು, ತಪ್ಪಾಯ್ತು. ಕಲಿಯುವುದಾದರೆ ದಿನಾ ಮಧ್ಯಾಹ್ನ ಒಂದೂವರೆಗೆ ಲಿನನ್ ರೂಮಿನಲ್ಲಿ ಇರುತ್ತೇನೆ.'

'ಅಬ್ಬಾ, ಎಷ್ಟು ಜಂಬ! ನಾನ್ಯಾಕೆ ಹೋಗ್ಲಿ?' ಎಂದುಕೊಂಡಳು.

ಮರುದಿನ ಒಂದೂವರೆಗೆ ಐದು ನಿಮಿಷ ಇರುವಾಗಲೇ ಹೋದಳು.

ಮಡಿಸಿಟ್ಟ ಬೆಡ್‌ಶೀಟುಗಳ ಗಂಟಿನ ಮೇಲೆ ಅವನು ಕೂತಿದ್ದ. ಎದುರಿನ ಗಂಟು ತೋರಿಸಿದ.

"ಪೆಚೊ ಅಂದ್ರೆ?" ಕೇಳಿದ.

"ಎದೆ. ಸಾಯೋವರೆಗೂ ಮರೆಯಲ್ಲ. ಅಷ್ಟು ಜನರ ಮುಂದೆ ಪೆಚ್ಚಾಗಿದ್ದೀನಲ್ಲ!"

ಅವನು ಗಟ್ಟಿಯಾಗಿ ನಕ್ಕುಬಿಟ್ಟ. ಅವಳಿಗೂ ನಗು ಬಂತು. ನಕ್ಕು ಎಷ್ಟು ದಿನವಾಗಿತ್ತೋ!

ಹಾಗೆ ಶುರುವಾಯಿತು ಪಾಠ.

"'ಮೆ ದುಯೆಲೆ' ಅಂದ್ರೆ 'ನನಗೆ ನೋಯುತ್ತೆ'. ನೋಡಿ, ಅವರದ್ದೂ ನಮ್ಮ ಥರಾನೇ. ನೋವು ಅನ್ನೋದು ನಾವು ಮಾಡೋ ಕೆಲಸ ಅಲ್ಲ, ನಮಗೆ ಆಗೋದು."

"ಮತ್ತೆ 'ಮರೆಯಾದಾ'?"

"ತಲೆ ಸುತ್ತು ಬಂದವಳು."

"ಲೋಕವೆಲ್ಲ ಕಣ್ಣಿಂದ ಮರೆಯಾದ ಹಾಗೆ... ಹಾಗಿಟ್ಕೋತೀನಿ."

ಅವನು ಹನ್ನೊಂದು ವರ್ಷ ಸರಕು ಹಡಗುಗಳಲ್ಲಿ ಔಷಧಿ ಕೋಣೆ ನೋಡಿಕೊಂಡವನು. ಸ್ಪ್ಯಾನಿಷ್ ಖಲಾಸಿಗಳ ಜ್ವರ, ಗಾಯ, ಮನೆಯ ನೆನಪು, ಎಲ್ಲದರ ನಡುವೆ ಆ ಭಾಷೆ ಹತ್ತಿತ್ತು. ತಾಯಿ ತೀರಿಕೊಂಡಾಗ ನಡುನೀರಿನಲ್ಲಿದ್ದ. ಮಣ್ಣಿಗೂ ತಲುಪಲಾಗಲಿಲ್ಲ. ಆಮೇಲೆ ಹಡಗು ಹತ್ತಲಿಲ್ಲ. ಈಗ ಒಂದು ಟೈಲರ್ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ವಾಸ.

ಅವಳು ತನ್ನ ಬಗ್ಗೆ ಏನೂ ಹೇಳಲಿಲ್ಲ. ಹೇಳಲು ಏನಿತ್ತು?

ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಲಕ್ವ ಹೊಡೆದು ಮಲಗಿದ ಅಪ್ಪನನ್ನು ಒಂಬತ್ತು ವರ್ಷ ನೋಡಿಕೊಂಡಳು. ಬಂದ ಸಂಬಂಧಗಳೆಲ್ಲ 'ಅಪ್ಪನನ್ನೂ ಕಟ್ಟಿಕೊಳ್ಳಬೇಕಾ?' ಎಂದು ಹಿಂದೆ ಸರಿದವು. ಅಪ್ಪ ಹೋಗಿ ಎರಡು ವರ್ಷ. ಅವರ ಉಂಗುರಕ್ಕೆ ದಾರ ಸುತ್ತಿ ಸಣ್ಣದು ಮಾಡಿ ತನ್ನ ಬೆರಳಿಗೆ ಹಾಕಿಕೊಂಡಿದ್ದಳು. ಅವಳಿಗೀಗ ಮೂವತ್ತೊಂಬತ್ತು.

ಭಾನುವಾರ ಅಕ್ಕ ಫೋನ್ ಮಾಡುತ್ತಿದ್ದಳು.

"ಊಟ ಆಯ್ತಾ?"

"ಆಯ್ತು."

"ಮತ್ತೇನು?"

"ಮತ್ತೇನಿಲ್ಲ..."

ಅಷ್ಟೇ. ಆಮೇಲೆ ಸೋಮವಾರದವರೆಗೆ ಆ ಮನೆಯಲ್ಲಿ ಮಾತೇ ಇಲ್ಲ.

ಈಗ ಅವಳು ಸಂಜೆ ಹೊತ್ತು ಕನ್ನಡಿಯ ಮುಂದೆ ನಿಂತು "ದೊಂದೆ ಲೆ ದುಯೆಲೆ?" ಎಂದು ಅಭ್ಯಾಸ ಮಾಡುತ್ತಿದ್ದಳು. ನಿಮಗೆ ಎಲ್ಲಿ ನೋಯುತ್ತೆ? ಎರಡು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ಯಾರೋ ಯಾರನ್ನೋ ವಿಚಾರಿಸಿದ ಸದ್ದು! ಕನ್ನಡಿಯೊಳಗಿನ ಹೆಂಗಸಿಗೆ ಉತ್ತರ ಗೊತ್ತಿತ್ತು. ಹೇಳುತ್ತಿರಲಿಲ್ಲ.

ಎರಡು ತಿಂಗಳು ಕಳೆಯಿತು.

ಒಂದೂವರೆ ಗಂಟೆಗಾಗಿಯೇ ತಾನು ಬೆಳಿಗ್ಗೆ ಏಳುತ್ತಿದ್ದೇನೆ ಎಂದು ಅವಳಿಗೆ ಗೊತ್ತಾಗಿಬಿಟ್ಟಿತು. ಹೆದರಿಕೆಯಾಯಿತು. 'ಈ ವಯಸ್ಸಿನಲ್ಲಿ... ಇದೇನಿದು?'

ಅವನಿಗೂ ಹಾಗೇ ಆಗಿತ್ತು. ಆದರೆ ಅವಳ ಬೆರಳಿನ ಉಂಗುರ ಕಂಡಾಗಲೆಲ್ಲ ಮದುವೆಯದೇನೋ ಎನಿಸಿ ಮಾತು ಅಲ್ಲೇ ಹೂತುಹೋಗುತ್ತಿತ್ತು. ನೇರವಾಗಿ ಕೇಳುವ ಎದೆಗಾರಿಕೆ ಇಲ್ಲದೆ ಒಂದು ದಿನ ಉಪಾಯ ಹೂಡಿದ.

"ಇವತ್ತು ಅಡ್ಮಿಷನ್ ಫಾರಂ ಅಭ್ಯಾಸ ಮಾಡೋಣ. ನಾನು ನರ್ಸು, ನೀವು ರೋಗಿ."

"ಸರಿ ಸಿಸ್ಟರ್," ಎಂದಳು ಗಂಭೀರವಾಗಿ. ಇಬ್ಬರೂ ನಕ್ಕರು.

ಹೆಸರಾಯಿತು, ವಯಸ್ಸಾಯಿತು. ಅವನು ಫಾರಂನಿಂದ ಕಣ್ಣೆತ್ತದೆ ಕೇಳಿದ.

"ಎಸ್ತಾ ಕಸಾದಾ?"

ಮದುವೆ ಆಗಿದೆಯಾ?

ಸರಿಯಾಗಿ ಆಗಲೇ ಹೊರಗೆ ಲಾಂಡ್ರಿ ಟ್ರಾಲಿ ಗಡಗಡ ಉರುಳಿತು. ಆ ಸದ್ದಿನಲ್ಲಿ ಅವಳಿಗೆ ಕೇಳಿಸಿದ್ದು, "ಎಸ್ತಾ ಕನ್ಸಾದಾ?"

ಸುಸ್ತಾಗಿದೆಯಾ?

ಅದೇ ವಾರ ಕಲಿತ ಪದ. ಡಯಾಲಿಸಿಸ್ ಮುಗಿಸಿ ಏಳುವ ಪ್ರತಿಯೊಬ್ಬರೂ ಹೇಳುವ ಪದ. ಆದರೆ ಅವಳನ್ನು ಇದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ... ಯಾವ ಭಾಷೆಯಲ್ಲೂ.

ಕಣ್ಣು ತುಂಬಿ ಬಂತು. ತಲೆ ತಗ್ಗಿಸಿ, ಉಂಗುರ ತಿರುಗಿಸುತ್ತಾ ಹೇಳಿದಳು.

"ಸಿ... ದೆಸ್ದೆ ಆಸೆ ಮುಚೋಸ್ ಆನ್ಯೋಸ್."

ಹೌದು... ತುಂಬಾ ವರ್ಷಗಳಿಂದ.

ಅವನ ಪೆನ್ನು ನಿಂತಿತು. ಮುಂದಿನ ಪ್ರಶ್ನೆ 'ಮನೆಯಲ್ಲಿ ಒಬ್ಬರೇ ಇರುತ್ತೀರಾ?' ಎಂದಿತ್ತು. ಅದನ್ನಾದರೂ ಕೇಳಿದ್ದರೆ! ಕೇಳಲಿಲ್ಲ. ಫಾರಂ ಮಡಿಸಿದ.

"ತುಂಬಾ ಚೆನ್ನಾಗಿ ಹೇಳಿದ್ರಿ. ಒಂದೂ ತಪ್ಪಿಲ್ಲ. ಇನ್ನು... ಇನ್ನು ನಾನು ಕಲಿಸೋದೇನೂ ಇಲ್ಲ ಸಿಸ್ಟರ್."

ಎದ್ದು ಹೋದ.

ಅವಳು ಬೆಡ್‌ಶೀಟುಗಳ ನಡುವೆ ಹಾಗೇ ಕೂತಿದ್ದಳು. 'ಮನಸ್ಸಿನ ದಣಿವು ತೋರಿಸಿದೆ. ಭಾರ ಅನ್ನಿಸಿರಬೇಕು. ಇನ್ನೊಬ್ಬರ ಗೋಳು ಯಾರಿಗೆ ಬೇಕು?'

ಆಮೇಲೆ ಅವನು ವಾರ್ಡಿಗೆ ಬಂದರೂ ಕೆಲಸವಷ್ಟೇ. ಕಣ್ಣು ಸೇರಿಸುತ್ತಿರಲಿಲ್ಲ. ಅವಳು ಮಾತ್ರ ಒಂದೂವರೆಗೆ ಡಬ್ಬಿ ಹಿಡಿದು ಲಿನನ್ ರೂಮಿಗೆ ಹೋಗುವುದನ್ನು ಬಿಡಲಿಲ್ಲ. ಒಬ್ಬಳೇ ಉಣ್ಣುತ್ತಿದ್ದಳು. ಎದುರಿನ ಗಂಟಿನ ಮೇಲೆ ಯಾರೂ ಇಲ್ಲ.

ಹೀಗಿರುವಾಗ ಒಂದು ಬುಧವಾರ ಅಜ್ಜಿ ಮೆಲ್ಲಗೆ "ಮರೆಯಾದಾ..." ಎಂದಳು. ಅವಳು ಥಟ್ಟನೆ ಬಿಪಿ ನೋಡಿದಳು, ಪಾತಾಳಕ್ಕಿಳಿದಿತ್ತು. ಕಾಲು ಎತ್ತರಿಸಿ, ಸಲೈನ್ ಬಿಟ್ಟು, "ನಾನಿಲ್ಲೇ ಇದ್ದೀನಿ" ಎಂದು ಅಜ್ಜಿಯ ಮಾತಿನಲ್ಲೇ ಹೇಳುತ್ತಾ ಕೈ ಹಿಡಿದುಕೊಂಡಳು. ಯಾರ ಸಹಾಯವೂ ಬೇಕಾಗಲಿಲ್ಲ. ಡಾಕ್ಟರು ಬಂದು ಬೆನ್ನು ತಟ್ಟಿದರು.

ಸಂಜೆ ಮನೆಗೆ ಬಂದು ಬೀಗ ತೆಗೆದಳು. ಎಂಥ ದಿನ! ಯಾರಿಗಾದರೂ ಹೇಳಬೇಕು... ಫೋನ್ ಕೈಗೆತ್ತಿಕೊಂಡಳು. ಅವನ ಹೆಸರಿನ ಮೇಲೆ ಬೆರಳಿಟ್ಟು, ತೆಗೆದಳು. ದೀಪ ಹಾಕುವುದೂ ಬೇಡವೆನಿಸಿ ಕತ್ತಲಾಗುವವರೆಗೆ ಕುರ್ಚಿಯಲ್ಲೇ ಕೂತಿದ್ದಳು. ಸೋತ ದಿನ ಒಬ್ಬಳೇ ಇರುವುದು ಅವಳಿಗೆ ರೂಢಿಯಾಗಿತ್ತು. ಗೆದ್ದ ದಿನ ಒಬ್ಬಳೇ ಇರುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ಶುಕ್ರವಾರ ಅಜ್ಜಿ ಅವಳ ಮುಖವನ್ನೇ ದಿಟ್ಟಿಸುತ್ತಿದ್ದಳು. ನಾಲ್ಕು ಗಂಟೆ ಮೆಷಿನ್ನಿಗೆ ಕಟ್ಟಿಬಿದ್ದವಳಿಗೆ ಇನ್ನೇನು ಕೆಲಸ? ಅವಳ ಉಂಗುರ ಮುಟ್ಟಿ ಕೇಳಿದಳು.

"ಎಸ್ತಾ ಕಸಾದಾ?"

"ಸಿ ಅಜ್ಜಿ, ತುಂಬಾನೇ," ಎಂದು ಅವಳು ಹಣೆ ಒರೆಸಿ ಸುಸ್ತು ತೋರಿಸಿದಳು.

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. ತಲೆಯಾಡಿಸಿದಳು. ಖಾಲಿ ಕೈ ಎತ್ತಿ ಉಂಗುರ ತೊಡಿಸುವಂತೆ ಮಾಡಿದಳು, ಮೀಸೆ ತಿರುವಿದಳು, ಪಕ್ಕದಲ್ಲಿ ಗಂಡಸೊಬ್ಬ ಗೊರಕೆ ಹೊಡೆಯುವ ಹಾಗೆ ಮಾಡಿದಳು. "ಕ... ಸಾ... ದಾ! ಕನ್ಸಾದಾ, ನೋ!"

"ಏನಂತೆ ಅಜ್ಜಿದು?" ಇನ್‌ಚಾರ್ಜ್ ಸಿಸ್ಟರ್ ಆ ಕಡೆಯಿಂದ ಕೇಳಿದಳು.

"ಕಸಾದಾ ಅಂದ್ರೆ... ಮದುವೆಯಾದವಳು ಅಂತೆ ಅಕ್ಕಾ."

"ಸರಿಯಾಗೇ ಇಟ್ಟಿದ್ದಾರೆ ಬಿಡು ಹೆಸರು! ಮದುವೆಯಾದ್ಮೇಲೆ ನಮಗೆ ಉಳಿಯೋದು ಕಸ, ಮುಸುರೆ ತಾನೆ!"

ವಾರ್ಡೆಲ್ಲ ನಕ್ಕಿತು. ಅವಳೊಬ್ಬಳು ನಗಲಿಲ್ಲ.

ಕಸಾದಾ... ಕನ್ಸಾದಾ... ನಡುವೆ ಒಂದೇ ಒಂದು ನಕಾರ. ಫಾರಂನಲ್ಲಿ ವಯಸ್ಸಿನ ಕೆಳಗೆ ಯಾರಾದರೂ ಸುಸ್ತಾಗಿದೆಯಾ ಅಂತ ಕೇಳುತ್ತಾರಾ? ಪೆದ್ದಿ! 'ಹೌದು, ತುಂಬಾ ವರ್ಷಗಳಿಂದ' ಅಂದುಬಿಟ್ಟೆನಲ್ಲ!

"ಅಕ್ಕಾ, ಹತ್ತು ನಿಮಿಷ ಹೋಗಿ ಬರ್ತೀನಿ..."

ಇನ್‌ಚಾರ್ಜ್ ಅವಳ ಮುಖ ನೋಡಿದಳು. ಮೂವತ್ತು ವರ್ಷದಿಂದ ಮುಖಗಳನ್ನೇ ಓದಿದವಳು.

"ಅವನು ನಾಲ್ಕನೇ ಮಹಡೀಲಿದ್ದಾನೆ. ಹೋಗು. ಅಜ್ಜಿ ಸೂಜಿ ನಾನು ತೆಗೀತೀನಿ."

ನಾಲ್ಕನೇ ಮಹಡಿಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ರೋಗಿಯೊಬ್ಬ ಮೆಲುದನಿಯಲ್ಲಿ ಏನೋ ಕೇಳಿದ. ದುಭಾಷಿಗಳ ನಿಯಮದಂತೆ ಅವನು ರೋಗಿಯ ಮಾತನ್ನು ರೋಗಿಯಾಗಿಯೇ ದಾಟಿಸಿದ.

"ಡಾಕ್ಟ್ರೇ, ನಾನು ಇನ್ನೆಷ್ಟು ದಿನ ಬದುಕ್ತೀನಿ?"

ಅವನ ದನಿಯಲ್ಲಿ ಆ ಮಾತು ಕೇಳಿ ಅವಳ ಜೀವ ಝಲ್ಲೆಂದಿತು.

ಕಾಲು ಗಂಟೆಯ ನಂತರ ಅವನು ಹೊರಬಂದ. ಮುಖ ಬಾಡಿತ್ತು. ಅವಳನ್ನು ಕಂಡು ಗಾಬರಿಯಾದ.

"ಸಿಸ್ಟರ್? ವಾರ್ಡಲ್ಲಿ ಏನಾದ್ರೂ..."

"ನಂಗೆ ಮದುವೆ ಆಗಿಲ್ಲ!"

ಬೆಂಚಿನ ಮೇಲಿದ್ದವರೊಬ್ಬರು ಪೇಪರಿನಿಂದ ತಲೆ ಎತ್ತಿದರು.

"...ಏನಂದ್ರಿ?"

"ನೀವು ಕಸಾದಾ ಅಂತ ಕೇಳಿದ್ರಿ. ನಂಗೆ ಕನ್ಸಾದಾ ಅಂತ ಕೇಳಿಸ್ತು. ಟ್ರಾಲಿ ಸದ್ದು... ಸುಸ್ತಾಗಿದೆ ಅಂದೆ ನಾನು. ಸುಸ್ತು!"

ಅವನು ಗೋಡೆಗೆ ಒರಗಿದ.

"ಉಂಗುರ?"

"ಅಪ್ಪಂದು."

"ಅಯ್ಯೋ ದೇವರೇ..." ಎಂದ. ನಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ. "ಮಾತು ದಾಟಿಸೋದೇ ನನ್ನ ಅನ್ನ. ನಾನೇ ಹೀಗೆ ಎಡವಿದ್ನಲ್ಲ!"

"ಇನ್ನೊಂದ್ಸಲ ಕೇಳಬಹುದಿತ್ತಲ್ವಾ?"

"ರೋಗಿಯಾಗಿದ್ರೆ ಕೇಳ್ತಿದ್ದೆ. ನಿಮ್ಮನ್ನ ಕೇಳೋಕೆ ಧೈರ್ಯ ಬರ್ಲಿಲ್ಲ."

"ಮತ್ತೆ ಮೊದಲನೇ ಸಲ ಯಾಕೆ ಕೇಳಿದ್ರಿ? ಫಾರಂನಲ್ಲಿ ಇತ್ತು ಅಂತಾನಾ?"

ಅವನು ತಾನು ಹೊರಬಂದ ಬಾಗಿಲಿನತ್ತ ನೋಡಿದ.

"ಬೆಳಿಗ್ಗೆಯಿಂದ ಸಂಜೆವರೆಗೆ ನಾನು, ನನಗೆ, ನನ್ನ ಅಂತಾನೇ ಮಾತಾಡ್ತೀನಿ. ಅದರಲ್ಲಿ ಒಂದು ಮಾತೂ ನಂದಲ್ಲ. ನನ್ನ ಮಾತು ಆಡೋಕೆ ಹೋದ್ರೆ ನಾಲಿಗೆ ಹೊರಳಲ್ಲ..."

"ನಾನು ಕಾಯ್ತೀನಿ. ನಿಧಾನಕ್ಕೆ ಹೇಳಿ."

"ನೀವಿಲ್ಲದ ಮಧ್ಯಾಹ್ನ ನನಗೆ ಸೇರಲ್ಲ," ಎಂದ ಕೊನೆಗೆ. "ಒಂದೂವರೆ ಆದ್ರೆ ಕಾಲು ತಾನಾಗೇ ಆ ಕಡೆ ನಡೆಯುತ್ತೆ. ದಿನಾ ಲಿನನ್ ರೂಮಿನ ಬಾಗಿಲವರೆಗೆ ಬಂದು ವಾಪಸ್ ಹೋಗ್ತಿದ್ದೆ."

ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ನಾನು ಒಳಗೇ ಇರ್ತಿದ್ನಲ್ಲ..."

"ಗೊತ್ತು. ಬಾಗಿಲ ಸಂದಿಯಲ್ಲಿ ಬೆಳಕು ಕಾಣ್ತಿತ್ತು."

ಒಂದು ತೆಳು ಬಾಗಿಲು. ಒಳಗೆ ಅವಳು, ಹೊರಗೆ ಅವನು. ಅಷ್ಟೂ ಮಧ್ಯಾಹ್ನಗಳು! ಅವಳು ಮುಖ ಮುಚ್ಚಿಕೊಂಡಳು. ಅವನು ಅವಳ ಕೈಯನ್ನು ಮುಖದಿಂದ ಮೆಲ್ಲಗೆ ಬಿಡಿಸಿ, ಹಿಡಿದ ಕೈಯನ್ನು ಹಾಗೇ ಹಿಡಿದುಕೊಂಡ.

"ನಂಗೆ ನಲವತ್ತು ತುಂಬೋಕೆ ಬಂತು," ಎಂದಳು.

"ನಂಗೆ ನಲವತ್ತನಾಲ್ಕು. ಅದಕ್ಕೇ ಕೇಳ್ತಿದ್ದೀನಿ, ಇನ್ನು ತಡ ಮಾಡೋದು ಬೇಡ... ನನ್ನ ಜೊತೆ ಇರ್ತೀರಾ?"

ಅವಳು ಹೂಂಗುಟ್ಟಿದಳು. ಆ ಸದ್ದು ಹೊರಬಂತೋ ಇಲ್ಲವೋ ಅವಳಿಗೇ ಗೊತ್ತಾಗಲಿಲ್ಲ. ಆದರೆ ಅವನಿಗೆ ಕೇಳಿಸಿತ್ತು.

ಡ್ಯೂಟಿ ಮುಗಿಸಿ ಇಬ್ಬರೂ ಆಸ್ಪತ್ರೆಯ ಎದುರಿನ ಬಸ್ ಸ್ಟಾಪಿನಲ್ಲಿ ನಿಂತರು. ಸಂಜೆ ಬಿಸಿಲು ರಸ್ತೆಯ ಮೇಲೆ ಉದ್ದವಾಗಿ ಬಿದ್ದಿತ್ತು.

"ಒಂದು ಪಾಠ ಬಾಕಿ ಇದೆ," ಎಂದ ಅವನು. "ಸ್ಪ್ಯಾನಿಷ್‌ನಲ್ಲೂ ನಮ್ಮ ಹಾಗೆ 'ನೀವು' ಬೇರೆ, 'ನೀನು' ಬೇರೆ. ರೋಗಿಗಳಿಗೆ ಮರ್ಯಾದೆ ಕೊಡಬೇಕಲ್ಲ, ಅದಕ್ಕೆ ನಿಮಗೆ 'ನೀವು' ಮಾತ್ರ ಕಲಿಸಿದೆ."

"'ನೀನು' ಯಾವಾಗ ಕಲಿಸೋದು?"

ಅವನು ರಸ್ತೆಯ ತಿರುವಿನತ್ತ ನೋಡಿದ. ಕಿವಿ ಕೆಂಪಾಗಿತ್ತು.

"ನಿನ್ನ... ನಿನ್ನ ಬಸ್ಸು ಬಂತು."

ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು. ಅವಳು ಕದಲಲಿಲ್ಲ.

"ಹೋಗ್ಲಿ ಬಿಡು," ಎಂದಳು. "ನೀನು ಹೇಳು."